ಒಸಡಿನ ಬಣ್ಣದ ಸೈನಿಕರು

ಕಳೆದ ವಾರ ನಮ್ಮ ಮನೆಯ ವಾಷಿಂಗ್ ಮಷೀನ್ ನಿಂತುಹೋಯಿತು. ರಿಪೇರಿಗೆ ಬಂದವರು ಕೆಳಗಿನ ಫಿಲ್ಟರ್ ಬಿಚ್ಚಿ, ಅದರೊಳಗಿಂದ ಎರಡು ಗುಂಡಿ, ಬಸ್ ಟಿಕೆಟ್ಟಿನ ಒಂದು ಮುದ್ದೆ ಮತ್ತು ಒಂದು ಕೈಯನ್ನು ತೆಗೆದು ನೆಲದ ಮೇಲೆ ಸಾಲಾಗಿ ಇಟ್ಟರು. ಕೈ ಎಂದರೆ ಭುಜದಿಂದ ಬೆರಳಿನವರೆಗೆ ಪೂರ್ತಿ ಕೈ. ಉದ್ದ ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚು. ಮುಷ್ಟಿಯಲ್ಲಿ ಕತ್ತಿಯ ಹಿಡಿ ಇತ್ತು. ಕತ್ತಿ ಮುರಿದಿತ್ತು.

“ಇದೇನ್ ಸಾರ್ ಇದು?” ಎಂದರು.

“ಕೈ.”

“ಅದು ಕಾಣ್ತಿದೆ ಸಾರ್. ಯಾರ್ದು?”

ನನ್ನ ಹೆಂಡತಿ ಗಿರಿಜಾ ಅಡುಗೆಮನೆಯಿಂದಲೇ ಹೇಳಿದಳು: “ಅವರ ಸೈನ್ಯದ್ದು ಕಣಣ್ಣ. ಹೋದ್ಸಲ ಕುಕ್ಕರ್ ಒಳಗೆ ಕಾಲು ಸಿಕ್ಕಿತ್ತು.”

ಕಾಲು ಸಿಕ್ಕಿದ್ದು ನಿಜ. ಆದರೆ ಕುಕ್ಕರಿನಲ್ಲಿ ಅಲ್ಲ, ಟೀ ಸೋಸುವ ಜಾಲರಿಯಲ್ಲಿ. ದಿನಪತ್ರಿಕೆಯೊಂದರ ಡೆಸ್ಕಿನಲ್ಲಿ ಇಪ್ಪತ್ತೊಂಬತ್ತು ವರ್ಷ ಕೂತು ಬೇರೆಯವರ ತಪ್ಪು ತಿದ್ದಿದವನಿಗೆ ಇಂಥದ್ದನ್ನು ಸುಮ್ಮನೆ ಬಿಡಲು ಆಗುವುದಿಲ್ಲ. ತಿದ್ದಿದೆ. ಆದರೆ ರಿಪೇರಿಯವರು ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಆ ಕೈ ಯಾರದು, ಯಾವ ಕಂಪನಿಯ ಯಾವ ಸೈನಿಕನದು, ನನಗೆ ಗೊತ್ತಿರಲಿಲ್ಲ. ಅದು ಗೊತ್ತಾಗದ ಹಾಗೆ ಮಾಡುವುದೇ ನನ್ನ ಹವ್ಯಾಸ. ಅದರಿಂದ ಒಬ್ಬರಿಗೆ ನಾನು ಮಾಡಿದ ಅನ್ಯಾಯವನ್ನು ಹೇಳಿಕೊಳ್ಳಲು ಇಷ್ಟು ದಿನ ಧೈರ್ಯ ಬಂದಿರಲಿಲ್ಲ.

ಪರಿಚಯವಿಲ್ಲದವರಿಗೆ ಎರಡು ಮಾತು. ಮೇಜಿನ ಮೇಲೆ ಆಡುವ ಯುದ್ಧದಾಟ ಎಂಬುದೊಂದಿದೆ. ಮಧ್ಯಯುಗದ ಕಾಲಾಳುಗಳು, ಬಿಲ್ಲುಗಾರರು, ಕುದುರೆ ಸವಾರರು, ಎಲ್ಲ ಹೆಬ್ಬೆರಳಿನ ಅರ್ಧದಷ್ಟು ಎತ್ತರದವರು. ಕೆಲವರು ಪ್ಲಾಸ್ಟಿಕ್, ಕೆಲವರು ತವರದ ಎರಕ. ಕೈಕಾಲು ಬಿಡಿಯಾಗಿ, ಬಣ್ಣವಿಲ್ಲದೆ, ಡಬ್ಬಿಯಲ್ಲಿ ಹೊರದೇಶದಿಂದ ಬರುತ್ತಾರೆ. ನಾವು ಅಂಟಿಸಿ, ಬಣ್ಣ ಬಳಿದು, ಸಾಲಾಗಿ ನಿಲ್ಲಿಸಿ, ದಾಳ ಹಾಕಿ ಆಡುತ್ತೇವೆ. ಐವತ್ತನಾಲ್ಕು ವರ್ಷದವನು ‘ಆಡುತ್ತೇವೆ’ ಎಂದು ಬರೆಯುವಾಗ ಒಮ್ಮೆ ಸುತ್ತ ನೋಡಿಕೊಂಡಿದ್ದೇನೆ. ಕಚೇರಿಯಲ್ಲಿ ಯಾರಿಗೂ ಗೊತ್ತಿಲ್ಲ. ಒಂದು ದಿನ ನನ್ನ ಉಗುರಿನ ಸಂದಿಯಲ್ಲಿ ಕೆಂಪು ಕಂಡು ಅಪರಾಧ ವರದಿಗಾರ ಆಸಕ್ತಿಯಿಂದ ನೋಡಿದ. ಮನೆಯ ಗೇಟಿಗೆ ಪೇಂಟ್ ಮಾಡಿಸುತ್ತಿದ್ದೇನೆ ಎಂದೆ. ನಮ್ಮ ಬಸವೇಶ್ವರನಗರದ ಮನೆಯ ಗೇಟು ನೀಲಿ.

ನನಗೆ ಬೇಕಾಗಿದ್ದುದು ಒಬ್ಬ ಪಾಳೇಗಾರನ ದಂಡು. ಪಾಳೇಗಾರರ ಸೈನಿಕರನ್ನು ನನಗೆ ತಿಳಿದ ಯಾವ ಕಂಪನಿಯೂ ಮಾಡುವುದಿಲ್ಲ. ಮಾಡುವುದೆಲ್ಲ ಯುರೋಪಿನ ಕಬ್ಬಿಣದ ಟೋಪಿಯವರನ್ನು. ಆದ್ದರಿಂದ ನಾಲ್ಕೈದು ಕಂಪನಿಗಳ ಡಬ್ಬಿ ತರಿಸಿ, ಒಂದರ ಮುಂಡ, ಇನ್ನೊಂದರ ಕಾಲು, ಮತ್ತೊಂದರ ಕೈ ಸೇರಿಸಿ, ಮೇಲೆ ಹಸಿರು ಪುಟ್ಟಿಯಿಂದ ರುಮಾಲು ಸುತ್ತಿ ನಮ್ಮವರನ್ನಾಗಿ ಮಾಡಬೇಕಿತ್ತು. ತೊಂದರೆ ಇರುವುದು ಅಳತೆಯಲ್ಲಿ. ಎಲ್ಲ ಕಂಪನಿಗಳೂ ತಮ್ಮ ಸೈನಿಕ ಇಪ್ಪತ್ತೆಂಟು ಮಿಲಿಮೀಟರ್ ಎಂದೇ ಹೇಳುತ್ತವೆ, ಹೇರೋಹಳ್ಳಿಯ ಬ್ರೋಕರುಗಳು ಎಲ್ಲ ಸೈಟುಗಳನ್ನೂ ಮೂವತ್ತು ನಲವತ್ತು ಎನ್ನುವ ಹಾಗೆ. ಒಬ್ಬರು ಅಂಗಾಲಿನಿಂದ ಕಣ್ಣಿನವರೆಗೆ ಅಳೆಯುತ್ತಾರೆ, ಇನ್ನೊಬ್ಬರು ನೆತ್ತಿಯವರೆಗೆ. ಒಂದು ಕಂಪನಿಯವರು ತೆಳ್ಳಗೆ, ಉಪವಾಸ ಇದ್ದವರಂತೆ. ಇನ್ನೊಂದು ಕಂಪನಿಯವರ ಮುಷ್ಟಿ ತಲೆಯಷ್ಟು ದಪ್ಪ. ಇಬ್ಬರನ್ನೂ ಪಕ್ಕಪಕ್ಕ ನಿಲ್ಲಿಸಿದರೆ ಒಬ್ಬ ಇನ್ನೊಬ್ಬನ ಚಿಕ್ಕಪ್ಪನಂತೆ ಕಾಣುತ್ತಾನೆ.

ಇದಕ್ಕೆ ಉಪಾಯಗಳಿವೆ. ಕುಳ್ಳನ ಪಾದದ ಕೆಳಗೆ ಒಂದು ತೆಳು ತುಂಡು ಇಟ್ಟು ಎತ್ತರಿಸಬೇಕು. ಎಲ್ಲರಿಗೂ ಒಂದೇ ಅಳತೆಯ ಪೀಠ ಕೊಡಬೇಕು. ಪೀಠದ ಮೇಲೆ ಒಂದೇ ಮರಳು ಹಾಕಬೇಕು. ನನ್ನ ಮರಳು ಹೇರೋಹಳ್ಳಿಯಲ್ಲಿ ಮನೆ ಕಟ್ಟಿಸುತ್ತಿದ್ದ ಸ್ನೇಹಿತನ ಸೈಟಿನದು. ಅದನ್ನು ಜರಡಿ ಹಿಡಿದದ್ದು ಮೇಲೆ ಹೇಳಿದ ಟೀ ಜಾಲರಿಯಲ್ಲಿ. ಎಲ್ಲರ ಕೈಗೂ ಒಂದೇ ದಪ್ಪದ ಈಟಿ ಕೊಡಬೇಕು. ತೆಂಗಿನ ಕಡ್ಡಿಯ ಪೊರಕೆಗಿಂತ ಒಳ್ಳೆಯ ಈಟಿ ಯಾವ ಕಂಪನಿಯ ಡಬ್ಬಿಯಲ್ಲೂ ನನಗೆ ಸಿಕ್ಕಿಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು ತಲೆ. ನೋಡುವವರ ಕಣ್ಣು ಮೊದಲು ಹೋಗುವುದು ತಲೆಗೆ. ತಲೆಗಳು ಒಂದೇ ಅಳತೆಯವಾದರೆ ಕೆಳಗಿನ ದೇಹ ಯಾರದಾದರೂ ನಡೆಯುತ್ತದೆ. ಕತ್ತರಿಸಿ, ಕತ್ತಿನಲ್ಲಿ ಸೂಜಿಗಾತ್ರದ ತೂತು ಕೊರೆದು, ತಂತಿ ತೂರಿಸಿ, ಬೇರೆ ತಲೆ ಕೂರಿಸುವುದು ಹತ್ತು ನಿಮಿಷದ ಕೆಲಸ. ನನ್ನ ಪಾಳಿ ಮಧ್ಯಾಹ್ನ ಶುರುವಾಗುತ್ತದೆ. ಬೆಳಗಿನ ಹೊತ್ತು ಬಾಲ್ಕನಿಯಲ್ಲಿ ಕೂತು ದಿನಕ್ಕೆ ಮೂರು ನಾಲ್ಕು ತಲೆ ಬದಲಿಸುತ್ತಿದ್ದೆ. ಎದುರು ಮನೆಯವರು ನಾನು ಗಡಿಯಾರ ರಿಪೇರಿ ಕಲಿಯುತ್ತಿದ್ದೇನೆ ಎಂದುಕೊಂಡಿದ್ದಾರೆ. ಒಮ್ಮೆ ತಮ್ಮ ಮಾವನ ವಾಚನ್ನು ತಂದು ಕೊಟ್ಟೂ ಬಿಟ್ಟರು.

ತಲೆ ಬದಲಿಸುವ ಕೆಲಸ ನನಗೆ ಹೊಸದಲ್ಲ. ರಾಜಾಜಿನಗರದಲ್ಲಿ ನಾನು ಬೆಳೆದ ಮನೆಯಲ್ಲಿ ಅಜ್ಜಿ ದಸರೆಗೆ ಗೊಂಬೆ ಕೂರಿಸುತ್ತಿದ್ದಳು. ಟ್ರಂಕಿನಿಂದ ಹುಲ್ಲು, ಹಳೆಯ ಪಂಚೆ, ನುಸಿಗುಳಿಗೆಯ ವಾಸನೆಯ ಜೊತೆ ಗೊಂಬೆಗಳು ಹೊರಬರುತ್ತಿದ್ದವು. ಒಂದೊಂದು ಒಂದೊಂದು ಊರಿನ ಮಣ್ಣು. ಬೆಣ್ಣೆ ಕದಿಯುವ ಕೃಷ್ಣ ಆನೆಗಿಂತ ದೊಡ್ಡವನು. ಅಂಗಡಿ ಇಟ್ಟುಕೊಂಡ ಶೆಟ್ಟರು ಅರಮನೆಯ ಬಾಗಿಲಿಗಿಂತ ಎತ್ತರ. ಇದು ಯಾರಿಗೂ ಅಡ್ಡಿಯಾಗುತ್ತಿರಲಿಲ್ಲ. ನನಗೊಬ್ಬನಿಗೆ ಆಗುತ್ತಿತ್ತು. ಎಂಟು ವರ್ಷದವನಾಗಿದ್ದಾಗ ಬ್ಯಾಂಡಿನವರ ಸಾಲಿನಲ್ಲಿದ್ದ ಡೋಲಿನವನ ಕತ್ತು ನನ್ನ ಕೈಯಲ್ಲೇ ಮುರಿಯಿತು. ಶೆಟ್ಟರ ಮೈ ಹಿಂದಿನ ವರ್ಷವೇ ಬಿರುಕು ಬಿಟ್ಟಿತ್ತು, ತಲೆ ಗಟ್ಟಿಯಾಗಿತ್ತು. ಮೈದಾ ಅಂಟು ಕಲಸಿ ಆ ತಲೆಯನ್ನು ಡೋಲಿನವನ ಮೇಲೆ ಕೂರಿಸಿದೆ. ಆರತಿಗೆ ಬಂದ ಹೆಂಗಸರು ಯಾರೂ ಗಮನಿಸಲಿಲ್ಲ. ಅಜ್ಜಿ ಗಮನಿಸಿದಳು.

“ಏನೋ, ಶೆಟ್ರು ಬ್ಯಾಂಡ್ ಸೇರ್ಕೊಂಡ್ರಾ? ಅಂಗಡಿ ಯಾರೋ ನೋಡ್ಕೋತಾರೆ?” ಎಂದಳು. ಎಲ್ಲರೂ ನಕ್ಕರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, “ಡೋಲಿನೋನ ತಲೆ ಎಲ್ಲಿ?” ಎಂದು ಕೇಳಿದಳು. ಕಾಂಪೌಂಡಿನ ಆಚೆ ಎಸೆದಿದ್ದೆ. ಅವಳು ಹೋಗಿ ಹುಡುಕಿದಳು. ಮುರಿದ ಗೊಂಬೆಯನ್ನು ನೀರಿಗೆ ಬಿಡುತ್ತಾರೆಯೇ ಹೊರತು ಕಸಕ್ಕೆ ಹಾಕುವುದಿಲ್ಲ ಎಂಬುದು ನನಗೆ ಆಗ ಗೊತ್ತಿರಲಿಲ್ಲ. ಆಗ ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳಬಹುದು. ಈಗ ಹಾಗೆ ಹೇಳುವಂತಿಲ್ಲ.

ಒಬ್ಬರಿಗೆ ನಾನು ಮಾಡಿದ್ದು ಎಂದೆನಲ್ಲ, ಅವರ ಹೆಸರು ವಿರೂಪಾಕ್ಷಪ್ಪ. ದಾವಣಗೆರೆ ಕಡೆಯವರು. ಮೂವತ್ತು ವರ್ಷದಿಂದ ಮಾರೇನಹಳ್ಳಿಯಲ್ಲಿ ಹಲ್ಲು ಮಾಡುತ್ತಾರೆ. ಹಲ್ಲಿನ ಡಾಕ್ಟರಲ್ಲ. ಡಾಕ್ಟರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ, ಅದಕ್ಕೆ ತಕ್ಕ ಕಟ್ಟು ಹಲ್ಲು, ಕ್ಯಾಪು ತಯಾರಿಸಿ ಕೊಡುವುದು ಇವರ ಕೆಲಸ. ಬಾಡಿಗೆ ಮನೆಯ ಮುಂದಿನ ಕೋಣೆಯೇ ಲ್ಯಾಬು. ನನ್ನ ಮುಂದಿನ ಹಲ್ಲಿಗೆ ಹಾಕಿದ ಕ್ಯಾಪಿನ ಬಣ್ಣ ಪಕ್ಕದ ಹಲ್ಲಿಗೆ ಹೊಂದಲಿಲ್ಲ. ನೀವೇ ಹೋಗಿ ತೋರಿಸಿ ಎಂದು ಡಾಕ್ಟರು ಕಳಿಸಿದರು. ಹಣೆಯ ಮೇಲೆ ಮೂರು ಗೆರೆ ವಿಭೂತಿ, ಅದರ ಮೇಲೆ ಪಟ್ಟಿ ಕಟ್ಟಿದ ಭೂತಗನ್ನಡಿ. ನನ್ನ ತುಟಿ ಎತ್ತಿ ಬಹಳ ಹೊತ್ತು ನೋಡಿದರು.

“ಸಿಗರೇಟ್ ಬಿಟ್ಟು ಎಷ್ಟು ವರ್ಷ ಆತ್ರೀ?” ಎಂದರು.

“ಹನ್ನೆರಡು.”

“ಹಲ್ಲಿಗೆ ಇನ್ನೂ ನೆನಪೈತಿ. ಕ್ಯಾಪಿಗೂ ಒಂಚೂರು ಸೇದಿಸ್ಬೇಕು.”

ಕ್ಯಾಪಿನ ಅಂಚಿಗೆ ಕಂಡೂ ಕಾಣದಂಥ ಕಂದು ಬಣ್ಣ ಹಚ್ಚಿ ಬಿಸಿ ಮಾಡಿ ಕೊಟ್ಟರು. ಇಂದಿಗೂ ಯಾವುದು ನನ್ನ ಹಲ್ಲು, ಯಾವುದು ಅವರದು ಎಂದು ಕನ್ನಡಿಯಲ್ಲಿ ನನಗೇ ತಿಳಿಯುವುದಿಲ್ಲ. ಅದನ್ನು ಹೇಳಿದಾಗ ಅವರು ನಗುತ್ತಾ, “ಗೊತ್ತಾದ್ರೆ ಕೆಲಸ ಕೆಟ್ಟಂಗೇ ಸಾರ್. ಊರ ತುಂಬ ನನ್ನ ಹಲ್ಲು ಓಡಾಡ್ತಾವೆ, ಒಂದಕ್ಕೂ ನನ್ನ ಹೆಸರಿಲ್ಲ,” ಎಂದರು.

ಅವರ ಮೇಜಿನ ಸಣ್ಣ ಉಳಿಗಳನ್ನು, ಚಮಚದಂಥ ಸಲಾಕೆಗಳನ್ನು ನಾನು ಆಸೆಯಿಂದ ನೋಡಿದ್ದು ಅವರ ಕಣ್ಣಿಗೆ ಬಿತ್ತು. ನನ್ನ ಹವ್ಯಾಸದ ಬಗ್ಗೆ ಹೇಳಿದೆ. ಮನೆಯಾಚೆ, ಈ ಆಟ ಆಡದವರಲ್ಲಿ, ನಾನಾಗಿಯೇ ಹೇಳಿಕೊಂಡದ್ದು ಅವರೊಬ್ಬರಿಗೇ. ಎರಡನೇ ಸಲ ಹೋದಾಗ ಹಲ್ಲಿನ ಮೇಣದಲ್ಲಿ ಅವರೇ ತಿದ್ದಿದ ಒಬ್ಬ ಸೈನಿಕ ಅಲ್ಲಿ ನಿಂತಿದ್ದ. ಆಮೇಲಿನ ಒಂದು ವರ್ಷದಲ್ಲಿ, ಸಂಜೆ ಕೆಲಸ ಮುಗಿದ ಮೇಲೆ ಕೂತು, ಹನ್ನೊಂದು ಜನರನ್ನು ಮಾಡಿದರು. ಮೇಣದಲ್ಲಿ ತಿದ್ದಿ, ಅಚ್ಚು ತೆಗೆದು, ಕೈಯಲ್ಲಿದ್ದ ಸಾಮಗ್ರಿಯಲ್ಲೇ ಎರಕ ಹೊಯ್ದರು. ಕೈಯಲ್ಲಿದ್ದದ್ದು ಕಟ್ಟು ಹಲ್ಲಿನ ಒಸಡಿಗೆ ಬಳಸುವ ಗುಲಾಬಿ ಅಕ್ರಿಲಿಕ್. ಹೀಗೆ ಪಾಳೇಗಾರನ ದಂಡಿಗೆ ಒಸಡಿನ ಬಣ್ಣದ ಹನ್ನೊಂದು ಜನ ಸೈನಿಕರು ಬಂದು ಸೇರಿದರು.

ಅವರನ್ನು ನಾನು ಈಗ ವಿವರಿಸಬೇಕು. ಆಗ ಸರಿಯಾಗಿ ನೋಡಿರಲಿಲ್ಲ. ಕಂಪನಿಯ ಸೈನಿಕರು ಯಾವಾಗಲೂ ಎದೆ ಸೆಟೆಸಿ ನಿಂತಿರುತ್ತಾರೆ. ಇವರು ಹಾಗಲ್ಲ. ಒಬ್ಬ ಒಂದೇ ಕಾಲಿನ ಮೇಲೆ ಭಾರ ಹಾಕಿ ಬಸ್ಸಿಗೆ ಕಾಯುವವನಂತೆ ನಿಂತಿದ್ದ. ಒಬ್ಬನ ಕಚ್ಚೆ ಸಡಿಲಾಗಿತ್ತು, ಎಡಗೈ ಅದನ್ನು ಹಿಡಿದಿತ್ತು. ಒಬ್ಬ ಪಕ್ಕದವನಿಗೆ ಏನೋ ಹೇಳಲು ತಿರುಗಿದ್ದ. ಹನ್ನೊಂದು ಜನರದೂ ಬಾಯಿ ತೆರೆದಿತ್ತು, ಬಾಯೊಳಗೆ ಹಲ್ಲುಗಳಿದ್ದವು. ಅಕ್ಕಿ ಕಾಳಿಗಿಂತ ಸ್ವಲ್ಪ ದೊಡ್ಡ ತಲೆಯಲ್ಲಿ, ಭೂತಗನ್ನಡಿಯಿಂದ ಎಣಿಸಬಹುದಾದ ಹಲ್ಲುಗಳು. ಒಬ್ಬನಿಗೆ ಮುಂದಿನದೊಂದು ಇರಲಿಲ್ಲ.

“ಎಲ್ರೂ ಬಾಯಿ ಬಿಟ್ಟಿದಾರಲ್ಲ?” ಎಂದೆ.

“ಯುದ್ಧದಾಗ ಕೂಗೋದಿಲ್ಲೇನ್ರೀ? ಬಾಯಿ ಮುಚ್ಚಿ ಹೊಡೆದಾಡೋರು ಯಾರು?” ಎಂದರು. ಆಮೇಲೆ ತುಸು ನಾಚಿಕೊಂಡು, “ಮತ್ತೆ, ಬಾಯಿ ಮುಚ್ಚಿದ್ರೆ ನಂದೇನು ಕೆಲಸ ಅಲ್ಲಿ?” ಎಂದರು.

ಒಳಗಿನಿಂದ ಅವರ ಹೆಂಡತಿ ಶಾಂತಕ್ಕ ಟೀ ತಂದರು. “ನೋಡ್ರೀ ಸಾರ್, ಮನೆ ತುಂಬ ಹಲ್ಲು ಗಿಂಜೋ ಗೊಂಬಿ. ಹಗಲೆಲ್ಲ ಹಲ್ಲು, ಸಂಜಿ ಆದ್ರೂ ಬ್ಯಾಡೇನ್ರೀ?” ಎಂದರು. ವಿರೂಪಾಕ್ಷಪ್ಪ ಹನ್ನೊಂದು ಜನರನ್ನೂ ಹತ್ತಿಯಲ್ಲಿ ಸುತ್ತಿ, ಹಲ್ಲಿನ ಸೆಟ್ ಕಳಿಸುವ ಡಬ್ಬಿಯಲ್ಲಿಟ್ಟು ನನಗೆ ಕೊಟ್ಟರು. “ಬಣ್ಣ ನನಗೆ ಬರಂಗಿಲ್ಲ. ನಿಮ್ಮ ದಂಡಿನಾಗ ನಿಂದ್ರಸ್ರಿ. ಒಂದಿನ ಇವಳನ್ನ ಕರ್ಕೊಂಡ್ಬಂದು ತೋರಿಸ್ತೀನಿ,” ಎಂದರು.

ಮನೆಗೆ ತಂದು ಸಾಲಿನಲ್ಲಿ ನಿಲ್ಲಿಸಿದಾಗ ಅವರು ಎದ್ದು ಕಾಣುತ್ತಿದ್ದರು. ತಲೆ ಒಂದು ಮಿಲಿಮೀಟರ್ ದೊಡ್ಡದು, ಬಾಯಿ ಇನ್ನೂ ದೊಡ್ಡದು. ಸಾಲಿನ ಸಮತೋಲ ಕೆಡುತ್ತಿತ್ತು. ಡೆಸ್ಕಿನಲ್ಲಿ ಕೂತವರಿಗೆ ಈ ಕಾಯಿಲೆ ಇರುತ್ತದೆ. ಹತ್ತು ತಾಲ್ಲೂಕಿನಿಂದ ಹತ್ತು ವರದಿಗಾರರು ಹತ್ತು ಬಗೆಯ ಕನ್ನಡದಲ್ಲಿ ಬರೆದು ಕಳಿಸುತ್ತಾರೆ. ಬೆಳಗ್ಗೆ ಪುಟದಲ್ಲಿ ಎಲ್ಲ ಒಬ್ಬನೇ ಬರೆದಂತಿರಬೇಕು. ಒಮ್ಮೆ ಒಬ್ಬ ವರದಿಗಾರ ಫೋನ್ ಮಾಡಿ, “ಸಾರ್, ನನ್ನ ಸುದ್ದಿ ಬಂದಿಲ್ವಲ್ಲ?” ಎಂದ. ಐದನೇ ಪುಟದ ಕೆಳಗೆ ಇದೆಯಲ್ಲ ಎಂದೆ. ಸ್ವಲ್ಪ ಹೊತ್ತು ಓದಿಕೊಂಡ. “ಓ, ಇದು ನಂದಾ ಸಾರ್?” ಎಂದ. ನಾವು ಈ ಪ್ರಸಂಗವನ್ನು ಡೆಸ್ಕಿನಲ್ಲಿ ಎಷ್ಟೋ ವರ್ಷ ಹೇಳಿಕೊಂಡು ನಕ್ಕಿದ್ದೇವೆ.

ಮೂರು ಬೆಳಗಿನಲ್ಲಿ ಹನ್ನೊಂದು ತಲೆ ತೆಗೆದೆ. ಬದಲಿಗೆ ತೆಳ್ಳಗಿನ ಕಂಪನಿಯ ತಲೆಗಳನ್ನು ಕೂರಿಸಿದೆ. ಬಾಯಿ ಮುಚ್ಚಿದ, ಗಂಭೀರ ಮುಖಗಳು. ಮೇಲೆ ರುಮಾಲು ಸುತ್ತಿದೆ. ಸಡಿಲ ಕಚ್ಚೆಯನ್ನು ಪುಟ್ಟಿಯಿಂದ ತುಂಬಿ ಬಿಗಿ ಮಾಡಿದೆ. ಕೆಲವರ ಕೈ ಬದಲಿಸಿದೆ. ಓರೆಯಾಗಿ ನಿಂತವರ ಕಾಲನ್ನು ಮುಂದೆ ಗುರಾಣಿ ಅಂಟಿಸಿ ಮರೆ ಮಾಡಿದೆ. ಮೊದಲು ಕಪ್ಪು ಪ್ರೈಮರ್ ಹೊಡೆದು ಎಲ್ಲರಿಗೂ ಒಂದೇ ಕಂದು, ಒಂದೇ ಕೆಂಪು, ಒಂದೇ ಮರಳು. ಮುಗಿಸಿ ದೂರದಿಂದ ನೋಡಿದಾಗ ಅರವತ್ತು ಜನ ಒಂದೇ ತಾಯಿಯ ಮಕ್ಕಳಂತೆ ನಿಂತಿದ್ದರು. ನನಗೆ ಬಹಳ ಸಂತೋಷವಾಗಿತ್ತು. ಇದನ್ನು ಮುಚ್ಚಿಟ್ಟರೆ ಉಳಿದದ್ದೂ ಸುಳ್ಳಾಗುತ್ತದೆ.

ನಮ್ಮಂಥ ಹದಿನೈದಿಪ್ಪತ್ತು ಜನ ಸೇರಿ ಒಂದು ಭಾನುವಾರ ರಾಜಾಜಿನಗರದ ಸಣ್ಣ ಸಭಾಂಗಣದ ಮೇಲ್ಮಹಡಿಯಲ್ಲಿ ಮೇಜುಗಳನ್ನು ಜೋಡಿಸಿದೆವು. ಪ್ರತಿ ಮೇಜಿನ ಮುಂದೆ ಒಂದು ಚೀಟಿ. ನನ್ನದನ್ನು ನಾನೇ ಕಂಪೋಸ್ ಮಾಡಿದ್ದೆ. ‘ಪಾಳೇಗಾರನ ದಂಡು’ ಎಂದು ಮೊದಲ ಸಾಲು. ‘ರೂಪಾಂತರ, ಬಣ್ಣ, ಜೋಡಣೆ’ ಎರಡನೆಯದು. ಮೂರನೆಯದು ನನ್ನ ಹೆಸರು. ಒಂದು ಪುಟದಲ್ಲಿ ಎಷ್ಟು ಜಾಗವಿದೆ ಎಂದು ಕಣ್ಣಳತೆಯಲ್ಲೇ ಹೇಳುವವನು ನಾನು. ಆ ಚೀಟಿಯಲ್ಲಿ ಇನ್ನೊಂದು ಸಾಲಿಗೆ ಜಾಗವಿತ್ತು. ಮರೆತೆ ಎಂದು ಬರೆಯಲು ಮನಸ್ಸಾಗುತ್ತಿದೆ. ಮರೆತಿರಲಿಲ್ಲ. ಮೂರು ಸಾಲು ಚೆನ್ನಾಗಿ ಕಾಣುತ್ತಿತ್ತು.

ಹನ್ನೊಂದು ಗಂಟೆಗೆ ವಿರೂಪಾಕ್ಷಪ್ಪ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ. ಜೊತೆಗೆ ಶಾಂತಕ್ಕ, ಮದುವೆಗೆ ಉಡುವಂಥ ಸೀರೆ. ಗಂಡನ ಕೆಲಸ ಪ್ರದರ್ಶನಕ್ಕೆ ಇಟ್ಟಿದ್ದಾರೆಂದು ಅವರು ಬಂದದ್ದು. ಮೇಜಿನ ಮುಂದೆ ನಿಂತು ಅರವತ್ತು ಜನರನ್ನೂ ನೋಡಿದರು.

“ಅಬ್ಬಾ, ಎಷ್ಟ್ ಚಂದ ಅದಾವ್ರೀ! ಇವರವು ಯಾವ್ವು ಇದ್ರಾಗ?”

ವಿರೂಪಾಕ್ಷಪ್ಪ ಆಗಲೇ ಬಗ್ಗಿದ್ದರು. ಕಿಸೆಯಿಂದ ಭೂತಗನ್ನಡಿ ತೆಗೆದು ಮುಂದಿನ ಸಾಲು ನೋಡಿದರು. ಹಿಂದಿನ ಸಾಲು ನೋಡಿದರು. ಮತ್ತೆ ಮುಂದಿನ ಸಾಲಿಗೆ ಬಂದರು. ಅವರ ಕಿವಿ ಕೆಂಪಾಗುತ್ತಿರುವುದು ನನಗೆ ಕಾಣುತ್ತಿತ್ತು. ಅವರಿಗೆ ಸಿಗುತ್ತಿಲ್ಲ ಎಂದು ಅರ್ಥವಾಯಿತು. ತೋರಿಸೋಣ ಎಂದು ನಾನೂ ನೋಡಿದೆ. ನನಗೂ ಸಿಗಲಿಲ್ಲ. ಯಾವ ದೇಹಕ್ಕೆ ಯಾವ ತಲೆ ಹಾಕಿದೆ ಎಂದು ಎಲ್ಲೂ ಬರೆದಿಟ್ಟಿರಲಿಲ್ಲ.

“ಎಲ್ರೀ?” ಎಂದು ಶಾಂತಕ್ಕ ಮತ್ತೆ ಕೇಳಿದರು.

ಇಪ್ಪತ್ತೊಂಬತ್ತು ವರ್ಷದಲ್ಲಿ, ಖಚಿತವಿಲ್ಲದ್ದನ್ನು ಬರೆಯಬೇಡ ಎಂದು ನಾನು ಎಷ್ಟು ಜನರನ್ನು ಬೈದಿದ್ದೇನೋ ಲೆಕ್ಕವಿಲ್ಲ. “ಇದು,” ಎಂದೆ. ಬೆರಳಿಟ್ಟು ತೋರಿಸಿದೆ. “ಇದು. ಮತ್ತೆ ಇದು, ಕೆಂಪು ಬಾವುಟ ಹಿಡಿದಿದಾನಲ್ಲ, ಇದು.” ಬಾವುಟದವನು ದಂಡಿನಲ್ಲೇ ಚೆನ್ನಾಗಿದ್ದವನು. ಅದಕ್ಕೇ ಬೆರಳು ಅಲ್ಲಿಗೆ ಹೋಯಿತು.

ವಿರೂಪಾಕ್ಷಪ್ಪ ಬಾವುಟದವನನ್ನು ಭೂತಗನ್ನಡಿಯಲ್ಲಿ ನೋಡಿದರು. ಕನ್ನಡಿ ತೆಗೆದು ನನ್ನನ್ನು ನೋಡಿದರು.

“ಹೌದು,” ಎಂದರು ಹೆಂಡತಿಗೆ. “ಅದೇ.”

ಶಾಂತಕ್ಕ ಫೋನ್ ತೆಗೆದು ಹತ್ತಿರದಿಂದ ಫೋಟೋ ಹಿಡಿದರು. ದೊಡ್ಡದು ಮಾಡಿ ನೋಡಿದರು. “ಅಯ್ಯ, ಇವನು ಬಾಯಿ ಮುಚ್ಯಾನ! ಹಲ್ಲ ಇಲ್ಲ!”

“ಇವನಿಗೆ ಬ್ಯಾಡ ಅನಿಸ್ತು,” ಎಂದರು ವಿರೂಪಾಕ್ಷಪ್ಪ.

ಹೋಗುವಾಗ ಚೀಟಿಯನ್ನು ಓದಿದರು. ಮೂರು ಸಾಲು ಓದಲು ಬೇಕಾದಷ್ಟೇ ಹೊತ್ತು ನಿಂತರು. “ಬರ್ತೀವ್ರೀ ಸಾರ್, ಭಾಳ ಚೆನ್ನಾಗಿ ಮಾಡೀರಿ,” ಎಂದು ಕೈ ಮುಗಿದರು. ಅದಕ್ಕೆ ಮೊದಲು ಅವರು ನನಗೆ ಕೈ ಮುಗಿದಿರಲಿಲ್ಲ. ನಾವು ಒಂದು ವರ್ಷದ ಸ್ನೇಹಿತರು.

ಮುಂದಿನ ಎರಡು ವಾರ ನಾನು ಬಹಳ ಶ್ರದ್ಧೆಯಿಂದ ಕಚೇರಿ ಕೆಲಸ ಮಾಡಿದೆ. ಮೂರನೇ ವಾರದ ರಜೆಯ ದಿನ ಬಕೆಟ್ಟಿಗೆ ನೆಲ ಒರೆಸುವ ದ್ರಾವಣ ಸುರಿದು ಅರವತ್ತು ಜನರನ್ನೂ ಅದರಲ್ಲಿ ಮುಳುಗಿಸಿದೆ. ಅದಕ್ಕೆ ಬಣ್ಣ ಬಿಡಿಸುವ ಗುಣವಿದೆ. ಸಂಜೆ ಒಬ್ಬೊಬ್ಬರನ್ನೇ ತೆಗೆದು ಹಳೆಯ ಟೂತ್‌ಬ್ರಷ್ಷಿನಿಂದ ಉಜ್ಜಿದೆ. ಬೂದು ಪ್ಲಾಸ್ಟಿಕ್, ಬೂದು ಪ್ಲಾಸ್ಟಿಕ್, ತವರ, ಬೂದು. ಹದಿನಾಲ್ಕನೆಯವನ ತೊಡೆಯ ಮೇಲೆ ಗುಲಾಬಿ ಕಂಡಿತು. ಎರಡು ವರ್ಷದ ಬಣ್ಣ ಸಿಂಕಿನಲ್ಲಿ ಹೋಗುತ್ತಿತ್ತು. ಗಿರಿಜಾ ಬಾಗಿಲಲ್ಲಿ ನಿಂತು ನೋಡಿದಳು. ತಮಾಷೆ ಮಾಡಲಿಲ್ಲ. ಹನ್ನೊಂದೂ ಸಿಕ್ಕಿದವು. ಬಾವುಟದವನು ನಿರೀಕ್ಷಿಸಿದಂತೆ ಅಪ್ಪಟ ಬೂದು. ನಾನು ತೋರಿಸಿದ ಮೂವರಲ್ಲಿ ಒಬ್ಬನೂ ಗುಲಾಬಿಯಲ್ಲ. ಅಂಟಿಸಿದ್ದ ಗುರಾಣಿಗಳನ್ನು ಬಿಡಿಸಿ, ಕಂಪನಿಯ ತಲೆಗಳನ್ನು ಹನ್ನೊಂದು ಕತ್ತಿನಿಂದಲೂ ಕಿತ್ತು, ಅವರ ಹಳೆಯ ತಲೆಗಳನ್ನು ಹುಡುಕಿದೆ.

ರೂಪಾಂತರ ಮಾಡುವವರು ಏನನ್ನೂ ಎಸೆಯುವುದಿಲ್ಲ. ನನ್ನ ತಲೆಗಳ ಡಬ್ಬಿಯಲ್ಲಿ ಇನ್ನೂರಕ್ಕೂ ಹೆಚ್ಚು ತಲೆಗಳಿವೆ, ಕಂಪನಿವಾರು ವಿಂಗಡಿಸಿ ಇಟ್ಟಿದ್ದೇನೆ. ಅವುಗಳಲ್ಲಿ ಗುಲಾಬಿಯದು ಒಂದೂ ಇರಲಿಲ್ಲ.

“ಗುಲಾಬಿ ಚೂರಾ? ಬಾಲ್ಕನೀಲಿ ಗುಡಿಸುವಾಗ ಸಿಗ್ತಿತ್ತು. ಯಾವ್ದೋ ಮಾತ್ರೆ ಚೂರು ಅಂದ್ಕೊಂಡೆ,” ಎಂದಳು ಗಿರಿಜಾ.

ತಲೆ ಕತ್ತರಿಸಿದಾಗ ಅವು ನೆಲಕ್ಕೆ ಬಿದ್ದಿದ್ದವು. ನಾನು ಬಗ್ಗಿರಲಿಲ್ಲ.

ಮಾರನೆಯ ದಿನ ಬೆಳಗ್ಗೆ ಹನ್ನೊಂದು ಮುಂಡಗಳನ್ನೂ ಅವರೇ ಕೊಟ್ಟಿದ್ದ ಡಬ್ಬಿಯಲ್ಲಿಟ್ಟುಕೊಂಡು ಮಾರೇನಹಳ್ಳಿಗೆ ಹೋದೆ. ವಿರೂಪಾಕ್ಷಪ್ಪ ಮೇಣ ತಿದ್ದುತ್ತಿದ್ದರು. “ಬರ್ರೀ ಸಾರ್, ಕೂತ್ಕೊಳ್ರೀ,” ಎಂದರು. ನಾನು ಕೂರದೆ ಎಲ್ಲವನ್ನೂ ಹೇಳಿದೆ. ತಲೆ ತೆಗೆದದ್ದು, ಚೀಟಿಯಲ್ಲಿ ಜಾಗವಿದ್ದದ್ದು, ಬೆರಳಿಟ್ಟದ್ದು. ಅವರು ಸಲಾಕೆಯನ್ನು ದೀಪದ ಜ್ವಾಲೆಗೆ ಹಿಡಿದು, ಮೇಣಕ್ಕೆ ತಾಗಿಸಿ, ಕೇಳುತ್ತಲೇ ಇದ್ದರು.

“ಮನೇಲಿ ಹೇಳೋದು ಬ್ಯಾಡ್ರೀ,” ಎಂದರು ಕೊನೆಗೆ. “ಅವಳು ಆ ಬಾವುಟದವನ ಫೋಟೋ ಇಡೀ ಬಳಗಕ್ಕೆ ಕಳಿಸ್ಯಾಳ. ಅವಳ ತಮ್ಮ ಫೋನ್ ಮಾಡಿದ್ದ, ಭಾವಾ ನಮ್ಮನೆಗೂ ಒಂದು ಮಾಡಿಕೊಡಿ ಅಂತ.”

ಆಗ ಅವರ ಕೈಯಲ್ಲಿದ್ದ ಮೇಣವನ್ನು ನೋಡಿದೆ. ಎದೆ ಸೆಟೆಸಿ ನಿಂತ ಒಬ್ಬ ಸೈನಿಕ. ಎತ್ತಿದ ಕೈಯಲ್ಲಿ ಕೋಲು. ಮುಚ್ಚಿದ ಬಾಯಿ. ಪಕ್ಕದಲ್ಲಿ ಫೋನನ್ನು ಅಚ್ಚಿನ ಗಟ್ಟಿಯೊಂದಕ್ಕೆ ಒರಗಿಸಿ, ಪರದೆಯ ಮೇಲೆ ಬಾವುಟದವನ ಚಿತ್ರ ಇಟ್ಟುಕೊಂಡಿದ್ದರು. ಬಹಳ ಚೆನ್ನಾಗಿ ಹೊಂದುತ್ತಿತ್ತು. ಅವರ ಕೆಲಸವೇ ಅದಲ್ಲವೇ.

“ಇದನ್ನ ಮೊದಲು ಮಾಡಿದವರು ಯಾರ್ರೀ? ಹೆಸರು ಗೊತ್ತೈತೇನು?” ಎಂದು ಕೇಳಿದರು. “ಭುಜ ಭಾಳ ಚಲೋ ಮಾಡ್ಯಾನ. ಕೆಳಗ ಅವನ ಹೆಸರು ಕೊರೀಬೇಕು ಅಂತೀನಿ. ನಕಲು ಮಾಡಿದ ಮ್ಯಾಲೆ ಹಾಕಬೇಕಲ್ಲ.”

ಗೊತ್ತಿಲ್ಲ ಎಂದೆ. ಎರಡು ವರ್ಷ ನನ್ನ ಕೈಯಲ್ಲಿದ್ದ ಸೈನಿಕ. ಆ ಪ್ರಶ್ನೆ ನನಗೆ ಹೊಳೆದಿರಲೇ ಇಲ್ಲ.

ಶಾಂತಕ್ಕ ಟೀ ತಂದರು. ನನ್ನನ್ನು ಕಂಡು ಅವರ ಮುಖ ಅರಳಿತು. “ಸಾರ್, ನಿಮ್ಮಿಂದ ಇವರ ಕೆಲಸ ನಾಲ್ಕು ಜನಕ್ಕೆ ಗೊತ್ತಾತು ನೋಡ್ರಿ,” ಎಂದರು. ವಿರೂಪಾಕ್ಷಪ್ಪ ತಲೆ ಎತ್ತಿ ನನ್ನನ್ನು ನೋಡಿದರು. ಬೇಡ ಎಂದು ಆ ನೋಟದಲ್ಲಿತ್ತು. ನಾನು ಅದನ್ನು ಮೀರಿದೆ. ಸರಿ ಮಾಡಿದೆನೋ ಇಲ್ಲವೋ ಇಂದಿಗೂ ಗೊತ್ತಿಲ್ಲ.

“ಅಮ್ಮಾ, ಆ ಬಾವುಟದವನು ಇವರದಲ್ಲ. ಫ್ಯಾಕ್ಟರಿಯದು. ನಾನು ಸುಳ್ಳು ಹೇಳಿದೆ. ಇವರು ನನ್ನ ಮಾನ ಉಳಿಸೋದಕ್ಕೆ ಹೌದು ಅಂದ್ರು. ಇವರವು ಇವು,” ಎಂದು ಡಬ್ಬಿ ತೆರೆದೆ.

ಅವರು ಟೀ ಲೋಟವನ್ನು ನಿಧಾನವಾಗಿ ಮೇಜಿನ ಮೇಲಿಟ್ಟರು. ಡಬ್ಬಿಯನ್ನು ನೋಡಿದರು. “ತಲೆ ಎಲ್ಲಿ?”

“ನಾನೇ ತೆಗೆದೆ. ಕಳೆದುಹೋದವು.”

ಗಂಡನ ಕಡೆ ತಿರುಗಿದರು. “ಹೌದೇನ್ರೀ?” ಅವರು ಮೇಣ ನೋಡುತ್ತಾ ತಲೆ ಆಡಿಸಿದರು.

“ಇವರು ಹೇಳಿದ್ರೆ ನಾನು ನಂಬ್ತಿರ್ಲಿಲ್ರೀ ಸಾರ್,” ಎಂದರು ಶಾಂತಕ್ಕ. ಅವರ ದನಿಯಲ್ಲಿ ಕೋಪವಿರಲಿಲ್ಲ. “ನನ್ನ ಖುಷಿಗೆ ಹೇಳ್ತಾರ ಅಂದ್ಕೋತಿದ್ದೆ. ನೀವು ಪೇಪರ್‌ನೋರು. ನೀವು ಬೆರಳಿಟ್ಟು ತೋರಿಸಿದ್ರಿ ಅಂತ ನಂಬಿದೆ.”

ಅವರು ಡಬ್ಬಿಯಿಂದ ಒಬ್ಬನನ್ನು ತೆಗೆದು ಅಂಗೈ ಮೇಲಿಟ್ಟುಕೊಂಡರು. ಒಂದೇ ಕಾಲಿನ ಮೇಲೆ ಭಾರ ಹಾಕಿ ನಿಂತವನು. ಬೆಳಕಿಗೆ ಹಿಡಿದು ಸುತ್ತಲೂ ತಿರುಗಿಸಿದರು. ಒಂದು ವರ್ಷ ಮನೆಯಲ್ಲೇ ಇದ್ದವನನ್ನು ಅವರು ಆ ದಿನ ಮೊದಲ ಸಲ ನೋಡುತ್ತಿದ್ದರು.

“ಇವನ ಮಾರಿ ಹೆಂಗಿತ್ರೀ?” ಎಂದು ಗಂಡನನ್ನು ಕೇಳಿದರು.

ವಿರೂಪಾಕ್ಷಪ್ಪ ಸಲಾಕೆಯನ್ನು ಕೆಳಗಿಟ್ಟರು. ಹಣೆಯ ಮೇಲಿನ ಭೂತಗನ್ನಡಿಯನ್ನು ಹಿಂದಕ್ಕೆ ಸರಿಸಿ, ಕತ್ತನ್ನು ತುಸು ಓರೆ ಮಾಡಿ, ಹುಬ್ಬು ಏರಿಸಿ, ಇದ್ದಬದ್ದ ಹಲ್ಲೆಲ್ಲ ಕಾಣುವಂತೆ ದೊಡ್ಡದಾಗಿ ಬಾಯಿ ತೆರೆದು ತೋರಿಸಿದರು. ಶಾಂತಕ್ಕ ಸೆರಗು ಅಡ್ಡ ಹಿಡಿದು ನಕ್ಕರು. ವಿರೂಪಾಕ್ಷಪ್ಪನವರೂ ನಗುತ್ತಲೇ ನನ್ನ ಕಡೆ ತಿರುಗಿದರು, ನನ್ನನ್ನು ಕಂಡದ್ದೇ ಬಾಯಿ ಮುಚ್ಚಿಕೊಂಡರು.